ವಾಲ್ವಿನಿಂದ ಬ್ಯಾಟರಿ ಚಾರ್ಜ್ ಮಾಡಬಹುದೇ? ಲೆಕ್ಕದಿಂದ ಉತ್ತರಕ್ಕೆ

ಹತ್ತನೇ ತರಗತಿಯ ಮಕ್ಕಳಿಗೆ ಸಾಮರ್ಥ್ಯವೆಂದರೆ ವಿಭವಾಂತರ ಮತ್ತು ವಿದ್ಯುತ್ ಪ್ರವಾಹಗಳ ಗುಣಲಬ್ಧ ಎಂಬ ಸೂತ್ರ ಬಾಯಿಪಾಠವಾಗಿರುತ್ತದೆ. ಆದರೆ ಅದೇ ಸೂತ್ರದ ಬಲದಿಂದ ಒಂದು ಕೆಲಸ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಭ್ಯಾಸ ಕಡಿಮೆ. ಬೋಧನಾಭ್ಯಾಸದ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಇದಕ್ಕೆ ದಾರಿ ಮಾಡಿತು. ಮನೆಯ ಅಟ್ಟದಲ್ಲಿರುವ ಹಳೆಯ ಆಂಪ್ಲಿಫೈಯರಿನ ಗಾಜಿನ ವಾಲ್ವ್ ತೆಗೆದು ಯುಪಿಎಸ್ ಬ್ಯಾಟರಿಗೆ ಚಾರ್ಜರ್ ಮಾಡಬಹುದೇ ಎಂದು ಅವನು ಕೇಳಿದ. "ಬೇಡ, ಅಪಾಯ" ಎಂದಷ್ಟೇ ಹೇಳಿದರೆ ತರಗತಿಯಲ್ಲಿ ಮಾತು ಮುಗಿಯುತ್ತದೆ, ಅಟ್ಟದ ಮೇಲೆ ಪ್ರಯೋಗ ಶುರುವಾಗುತ್ತದೆ. ಆದ್ದರಿಂದ ಮುಂದಿನ ಅವಧಿಯ ಪಾಠಯೋಜನೆಯನ್ನು ಆ ಪ್ರಶ್ನೆಯ ಸುತ್ತಲೇ ಹೆಣೆದೆ.

ಪೂರ್ವಜ್ಞಾನ

ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಇದು ಎಲ್ಲ ಮಕ್ಕಳಿಗೂ ಗೊತ್ತು. ಬ್ಯಾಟರಿಗೂ ಇಂಥದ್ದೇ ಬೇಕು. ಮನೆಗೆ ಬರುವುದು ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ಪ್ರವಾಹ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದ ನಿರ್ವಾತ ನಳಿಕೆಗೆ ವಾಲ್ವ್ ಎಂಬ ಹೆಸರು ಬಂದದ್ದು ಈ ಗುಣದಿಂದಲೇ. ಅದರೊಳಗೆ ಕಾದ ತಂತುವಿನಿಂದ ಎಲೆಕ್ಟ್ರಾನುಗಳು ಹೊರಬಿದ್ದು ಧನ ವಿಭವದಲ್ಲಿರುವ ಫಲಕಕ್ಕೆ ಹೋಗುತ್ತವೆ. ತಣ್ಣಗಿರುವ ಫಲಕದಿಂದ ಹಿಂದಕ್ಕೆ ಬರುವುದಿಲ್ಲ.

ಪರಿಕಲ್ಪನೆ

ಹಾಗಾದರೆ ತೊಂದರೆ ಎಲ್ಲಿದೆ? ತಂತುವಿನಿಂದ ಹೊರಬಂದ ಎಲೆಕ್ಟ್ರಾನುಗಳು ಅದರ ಸುತ್ತ ಮೋಡದಂತೆ ಕವಿಯುತ್ತವೆ. ಎಲ್ಲವೂ ಋಣ ಆವೇಶದವು. ಆದ್ದರಿಂದ ಹಿಂದೆ ಬರುವ ಎಲೆಕ್ಟ್ರಾನುಗಳನ್ನು ಈ ಮೋಡ ತಡೆಯುತ್ತದೆ. ಹೆಚ್ಚು ಪ್ರವಾಹ ಬೇಕೆಂದರೆ ಫಲಕಕ್ಕೆ ಹೆಚ್ಚು ವಿಭವ ಕೊಟ್ಟು ಎಳೆಯಬೇಕು. ಆ ವಿಭವವೆಲ್ಲ ವಾಲ್ವಿನಲ್ಲೇ ಶಾಖವಾಗಿ ವ್ಯಯವಾಗುತ್ತದೆ.

ಕಪ್ಪುಹಲಗೆಯ ಲೆಕ್ಕ

ದೊಡ್ಡ ಆಂಪ್ಲಿಫೈಯರುಗಳಲ್ಲಿ ಬಳಸುತ್ತಿದ್ದ 5ಯು4 ಎಂಬ ವಾಲ್ವನ್ನು ಉದಾಹರಣೆಗೆ ತೆಗೆದುಕೊಂಡೆ. ಅದರ ತಂತುವಿಗೆ 5 ವೋಲ್ಟ್, 3 ಆಂಪಿಯರ್ ಬೇಕು, ಅಂದರೆ 15 ವ್ಯಾಟ್. ಪ್ರವಾಹ 0.225 ಆಂಪಿಯರ್ ಇರುವಾಗ ವಾಲ್ವಿನಲ್ಲಿ ಸುಮಾರು 44 ವೋಲ್ಟ್ ಕಳೆದುಹೋಗುತ್ತದೆ. ಚಾರ್ಜ್ ಆಗುತ್ತಿರುವ 12 ವೋಲ್ಟ್ ಬ್ಯಾಟರಿಯ ವಿಭವಾಂತರ ಸುಮಾರು 14 ವೋಲ್ಟ್ ಎಂದಿಟ್ಟುಕೊಂಡು ಮಕ್ಕಳು ಸ್ಥೂಲವಾಗಿ ಲೆಕ್ಕ ಹಾಕಿದರು:

ಬ್ಯಾಟರಿಗೆ ಸೇರುವುದು: 14 × 0.225 = 3.15 ವ್ಯಾಟ್
ವಾಲ್ವಿನಲ್ಲಿ ವ್ಯಯ: 44 × 0.225 = 9.9 ವ್ಯಾಟ್
ತಂತುವಿನಲ್ಲಿ ವ್ಯಯ: 15 ವ್ಯಾಟ್

ಮೂರು ವ್ಯಾಟ್ ಒಳಗೆ ಸೇರಿಸಲು ಸುಮಾರು 25 ವ್ಯಾಟ್ ವ್ಯರ್ಥ. ಮುಂದೆ, 150 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಲು ಬೇಕಾದ ಕಾಲ: 150ನ್ನು 0.225ರಿಂದ ಭಾಗಿಸಿದರೆ 667 ಗಂಟೆ, ಅಂದರೆ ಸುಮಾರು 28 ದಿನ. ಅಷ್ಟು ದಿನ ವ್ಯರ್ಥವಾಗುವ ವಿದ್ಯುತ್ 16 ಯೂನಿಟ್ಟಿಗೂ ಹೆಚ್ಚು. ಬ್ಯಾಟರಿಯಲ್ಲಿ ಉಳಿಯುವುದು 2 ಯೂನಿಟ್ಟಿಗೂ ಕಡಿಮೆ. ಪ್ರಶ್ನೆ ಕೇಳಿದ ಹುಡುಗನೇ ಹಲಗೆಯ ಬಳಿ ಬಂದು 28 ದಿನ ಎಂದು ಬರೆದ. ಆ ಮೇಲೆ ನಾನು "ಬೇಡ" ಎನ್ನುವ ಅಗತ್ಯ ಬೀಳಲಿಲ್ಲ.

ಹೋಲಿಕೆಗೆ ಸಿಲಿಕಾನ್ ಡಯೋಡಿನ ಲೆಕ್ಕವನ್ನೂ ಮಾಡಿಸಿದೆ. 10 ಆಂಪಿಯರ್ ಪ್ರವಾಹ ಎರಡು ಡಯೋಡುಗಳ ಮೂಲಕ ಹೋಗುವಾಗ ಒಂದೊಂದರಲ್ಲಿ ಸುಮಾರು 1 ವೋಲ್ಟ್ ಕಳೆದರೂ ವ್ಯಯ 20 ವ್ಯಾಟ್, ಬ್ಯಾಟರಿಗೆ ಸೇರುವುದು 140 ವ್ಯಾಟ್. ಕಾಲ 15 ಗಂಟೆ.

ಚರಿತ್ರೆಯಿಂದ ಒಂದು ಉತ್ತರ

"ಹಿಂದಿನವರು ಹೇಗೆ ಮಾಡುತ್ತಿದ್ದರು?" ಎಂಬ ಪ್ರಶ್ನೆ ತಾನಾಗಿಯೇ ಬಂತು. 1920ರ ದಶಕದಲ್ಲಿ ಅಮೆರಿಕದ ಮನೆಗಳ ಎಷ್ಟೋ ರೇಡಿಯೋಗಳ ತಂತುಗಳಿಗೆ 6 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಬೇಕಿತ್ತು. ಅದನ್ನು ಚಾರ್ಜ್ ಮಾಡಲು ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಂಗರ್ ಬಲ್ಬ್ ಬಳಕೆಯಲ್ಲಿತ್ತು. ಟಂಗ್‌ಸ್ಟನ್ ಮತ್ತು ಆರ್ಗಾನ್ ಎಂಬ ಪದಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಒಳಗೆ ನಿರ್ವಾತದ ಬದಲು ಕಡಿಮೆ ಒತ್ತಡದ ಆರ್ಗಾನ್ ಅನಿಲ. ಅನಿಲ ಅಯಾನೀಕರಣಗೊಂಡಾಗ ಹುಟ್ಟುವ ಧನ ಅಯಾನುಗಳು ಎಲೆಕ್ಟ್ರಾನ್ ಮೋಡದ ಋಣ ಆವೇಶವನ್ನು ತಟಸ್ಥಗೊಳಿಸುತ್ತವೆ. ಹೀಗಾಗಿ ಕೆಲವೇ ವೋಲ್ಟ್ ಕಳೆದುಕೊಂಡು ಕೆಲವು ಆಂಪಿಯರ್ ಹರಿಸುವುದು ಸಾಧ್ಯವಾಯಿತು.

ಚಟುವಟಿಕೆ ಮತ್ತು ಸುರಕ್ಷತೆ

ವಾಲ್ವನ್ನು ವಿದ್ಯುತ್ ಸಂಪರ್ಕವಿಲ್ಲದೆ ಕೈಯಲ್ಲಿ ಹಿಡಿದು ನೋಡಿದರೆ ಸಾಕು. ತಂತು, ಫಲಕ ಎರಡನ್ನೂ ಗುರುತಿಸಬಹುದು. ಪ್ರಯೋಗಕ್ಕೆ ಮೂರು ಟಾರ್ಚ್ ಸೆಲ್, ಒಂದು ಚಿಕ್ಕ ಬಲ್ಬ್, ಒಂದು ಸಿಲಿಕಾನ್ ಡಯೋಡ್ ಬಳಸಿದೆ. ಒಂದು ದಿಕ್ಕಿನಲ್ಲಿ ಬಲ್ಬ್ ಉರಿಯುತ್ತದೆ, ಡಯೋಡ್ ತಿರುಗಿಸಿದರೆ ಇಲ್ಲ. ಹಳೆಯ ಆಂಪ್ಲಿಫೈಯರನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಧಾರಕಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಬರುತ್ತದೆ. ಈ ಕಾರಣಗಳನ್ನು ಮಕ್ಕಳ ಟಿಪ್ಪಣಿಯಲ್ಲೇ ಬರೆಸಿದೆ.

ಮೌಲ್ಯಮಾಪನ

1. ವಾಲ್ವಿನಲ್ಲಿ ಪ್ರವಾಹ ಹೆಚ್ಚಿಸಲು ಹೆಚ್ಚು ವಿಭವ ಏಕೆ ಬೇಕು?
2. ಟಂಗರ್ ಬಲ್ಬಿನಲ್ಲಿ ಆರ್ಗಾನಿನ ಪಾತ್ರವೇನು?
3. 90 ವೋಲ್ಟಿನ, ಅತಿ ಕಡಿಮೆ ಪ್ರವಾಹ ಸಾಕಾಗುವ ಬ್ಯಾಟರಿಗೆ ವಾಲ್ವ್ ಅಷ್ಟು ಕೆಟ್ಟ ಆಯ್ಕೆಯಲ್ಲ. ಏಕೆ?

ಮೂರನೆಯದನ್ನು ಸಹ ಪ್ರಶಿಕ್ಷಣಾರ್ಥಿಗಳು ತಪ್ಪದೆ ಕೇಳಬೇಕೆಂದು ನನ್ನ ವಿನಂತಿ. ಹೆಚ್ಚು ವೋಲ್ಟ್, ಕಡಿಮೆ ಪ್ರವಾಹದ ಕೆಲಸಕ್ಕೆ ಹುಟ್ಟಿದ ಸಾಧನವನ್ನು ಕಡಿಮೆ ವೋಲ್ಟ್, ಹೆಚ್ಚು ಪ್ರವಾಹದ ಕೆಲಸಕ್ಕೆ ಹಚ್ಚಿದ್ದರಿಂದ ಲೆಕ್ಕ ಕೈಕೊಟ್ಟಿತು. ಹಳೆಯದೆಲ್ಲ ಕೆಟ್ಟದ್ದು ಎಂಬ ತೀರ್ಮಾನದೊಂದಿಗೆ ಮಕ್ಕಳು ತರಗತಿಯಿಂದ ಹೊರಗೆ ಹೋಗಬಾರದು.