ಮೀನಿನ ಉಸಿರು ಗಿಡಕ್ಕೆಷ್ಟು ಆಸರೆ?

ಮನೆಯೊಳಗೆ ಕುಂಡಗಳಲ್ಲಿ ಗಿಡ ಬೆಳೆಸುವ ಹವ್ಯಾಸ ಹಳ್ಳಿಗಳಿಗೂ ಬಂದಿದೆ. ಗಿಡದ ಪಕ್ಕದಲ್ಲಿ ಮೀನಿನ ತೊಟ್ಟಿ ಇಟ್ಟರೆ, ಮೀನು ಬಿಡುವ ಇಂಗಾಲಾಮ್ಲ ವಾಯುವನ್ನು ಹೀರಿ ಗಿಡ ಹುಲುಸಾಗಿ ಬೆಳೆಯುತ್ತದೆಂಬ ಮಾತನ್ನು ನೀವೂ ಕೇಳಿರಬಹುದು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗಾಜಿನ ತೊಟ್ಟಿಗೆ ಹಣ ಹಾಕುವ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಲಂಡನ್ನಿನ ಪ್ರಯೋಗ

ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಲಂಡನ್ನಿನಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಒಟ್ಟಿಗೆ ಬೆಳೆಸಿದರು. ಮೀನಿನ ಇಂಗಾಲಾಮ್ಲ ಗಿಡಕ್ಕೆ, ಗಿಡದ ಆಮ್ಲಜನಕ ಮೀನಿಗೆ ಒದಗಿತು. ಎಲೆ ಕೊಳೆತು ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದು ಶುಚಿ ಮಾಡಿದವು. 1850ರಲ್ಲಿ ಈ ಸಂಗತಿ ಪ್ರಕಟವಾಯಿತು. ಆದರೆ ಗಮನಿಸಿ, ಆ ಗಿಡ ಇದ್ದದ್ದು ನೀರಿನೊಳಗೆ, ಕುಂಡದಲ್ಲಲ್ಲ. ನೀರಿನಲ್ಲಿ ಇಂಗಾಲಾಮ್ಲ ಹರಡುವುದು ಬಹಳ ನಿಧಾನ. ಆದುದರಿಂದ ಮುಳುಗಿದ ಗಿಡಕ್ಕೆ ಮೀನಿನ ಉಸಿರು ನಿಜವಾದ ನೆರವು.

ಕುಂಡದ ಗಿಡದ ಲೆಕ್ಕ

ಒಟ್ಟು ಒಂದು ಕಿಲೋ ತೂಕದ ಮೀನುಗಳು ದಿನಕ್ಕೆ ಸುಮಾರು 10 ಗ್ರಾಂ ಇಂಗಾಲಾಮ್ಲ ಬಿಡುತ್ತವೆ. ನೀರಿನ ಬಿಸಿ ಮತ್ತು ಮೇವಿಗೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. 10 ಅಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯಲ್ಲೇ ಸುಮಾರು 20 ಗ್ರಾಂ ಇರುತ್ತದೆ. ಕಿಟಕಿ ತೆರೆದರೆ ಆ ಗಾಳಿ ಮತ್ತೆ ಮತ್ತೆ ಬದಲಾಗುತ್ತದೆ. ಇನ್ನು ಮನೆಯಲ್ಲಿರುವ ನಿಮ್ಮನ್ನೇ ನೋಡಿಕೊಳ್ಳಿ. ಒಬ್ಬ ವಯಸ್ಕ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲಾಮ್ಲ ಹೊರಬಿಡುತ್ತಾನೆ, ಅಂದರೆ ಆ ಮೀನುಗಳ ನೂರು ಪಾಲು! ಮೀನಿನ ಪಾಲು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಷ್ಟೆ.

ಮನೆಯೊಳಗಿನ ಗಿಡ ಸೊರಗುವುದು ಹೆಚ್ಚಾಗಿ ಬೆಳಕಿನ ಕೊರತೆಯಿಂದ. ಬೆಳಕಿಲ್ಲದೆ ಎಲೆ ಇಂಗಾಲಾಮ್ಲವನ್ನು ಬಳಸಲಾರದು. ಕುಂಡವನ್ನು ಕಿಟಕಿಯ ಬಳಿಗೆ ಸರಿಸಿ. ಅದಕ್ಕೆ ಕಾಸಿನ ಖರ್ಚಿಲ್ಲ.

ಲಾಭವಿರುವುದು ನೀರಿನಲ್ಲಿ

ಹಾಗಾದರೆ ಮೀನಿನಿಂದ ಗಿಡಕ್ಕೆ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಮೀನು ಕಿವಿರಿನ ಮೂಲಕ ಅಮೋನಿಯ ಬಿಡುತ್ತದೆ. ತೊಟ್ಟಿಯ ಮರಳಿಗೆ, ಕಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾಡುತ್ತವೆ. ಇದೇ ಗಿಡಕ್ಕೆ ಬೇಕಾದ ಸಾರಜನಕ. ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರು ತೆಗೆದು ಕುಂಡಗಳಿಗೆ ಹಾಕಿ, ಅಷ್ಟೇ ಹೊಸ ನೀರು ತುಂಬಿ. ನಲ್ಲಿಯ ನೀರಾದರೆ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಕ್ಲೋರಿನ್ ಹೋಗಲು ಬಿಡಿ. ಮೀನಿನ ರೋಗಕ್ಕೆ ಉಪ್ಪು ಅಥವಾ ಔಷಧಿ ಹಾಕಿದ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ.

ರಾತ್ರಿಯ ಎಚ್ಚರಿಕೆ

ಕತ್ತಲಾದ ಮೇಲೆ ನೀರುಗಿಡವೂ ಮೀನಿನಂತೆಯೇ ಆಮ್ಲಜನಕವನ್ನು ಬಳಸಿ ಇಂಗಾಲಾಮ್ಲ ಬಿಡುತ್ತದೆ. ಗಿಡಕ್ಕೆ ಇಂಗಾಲಾಮ್ಲ ಹೆಚ್ಚು ಸಿಗಲೆಂದು ಮೀನುಗಳನ್ನು ಒತ್ತೊತ್ತಾಗಿ ತುಂಬಿದವರು ಬೆಳಗಾಗುವಷ್ಟರಲ್ಲಿ ಸತ್ತ ಮೀನು ಎತ್ತಬೇಕಾದೀತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ತಡಮಾಡದೆ ಸ್ವಲ್ಪ ಹೊಸ ನೀರು ಹಾಕಿ, ಗಾಳಿ ಕೊಡಿ.

ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಸಾಕಿದವರಿಗೂ ಇದೇ ಮಾತು. ನಸುಕಿನಲ್ಲಿ ಒಮ್ಮೆ ಹೊಂಡದ ಬಳಿ ನಿಂತು ನೋಡಿ. ಮೀನುಗಳು ಬಾಯಿ ತೆರೆದು ತೇಲುತ್ತಿದ್ದರೆ ಅಂದು ಸಗಣಿ, ಮೇವು ಹಾಕುವುದನ್ನು ನಿಲ್ಲಿಸಿ, ಹೊಸ ನೀರು ಬಿಡಿ. ಕೈಗೆ ಬಂದ ಮೀನು ಒಂದೇ ರಾತ್ರಿಯಲ್ಲಿ ಕೈತಪ್ಪುವುದನ್ನು ಹೀಗೆ ತಡೆಯಬಹುದು.