ಕುದುರೆ ಏರುವ ಮೊದಲು

ನೀವು ಮಾಥೆರಾನ್‌ಗೆ ಹೋಗಿದ್ದರೆ ಈ ಅನುಭವ ನಿಮಗೂ ಆಗಿರಬೇಕು. ದಸ್ತೂರಿ ನಾಕಾದಲ್ಲಿ ಕಾರು ಬಿಡುತ್ತೀರಿ. ಮುಂದಿನ ದಾರಿ ನಡೆದು ಹೋಗಬಹುದಾದರೂ ಎದುರಿಗೆ ಕುದುರೆ ನಿಂತಿರುತ್ತದೆ. ‘ಕುದುರೆ ಕಂಡರೆ ಕಾಲುನೋವು’ ಅನ್ನುವ ಗಾದೆ ಅಲ್ಲಿ ನಿಜವಾಗುತ್ತದೆ. ಹತ್ತಿ ಕೂರುತ್ತೀರಿ, ಕುದುರೆಯವನು ಲಗಾಮು ಹಿಡಿದು ಮುಂದೆ ನಡೆಯುತ್ತಾನೆ, ಇಳಿದ ಮೇಲೆ ‘ಸವಾರಿ ಮಾಡಿದೆ’ ಅಂತ ಮನೆಗೆ ಫೋಟೋ ಕಳಿಸುತ್ತೀರಿ. ಆದರೆ ದಾರಿಯುದ್ದಕ್ಕೂ ಆ ಕುದುರೆಯ ಜೊತೆ ಮಾತಾಡಿದ್ದು ಕೆಳಗೆ ನಡೆಯುತ್ತಿದ್ದವನು, ನೀವಲ್ಲ.

ನಾನೂ ಹಾಗೇ ತಿಳಿದಿದ್ದೆ. ಪುಣೆಯಲ್ಲಿ ನೌಕರಿ, ವಯಸ್ಸು ನಲವತ್ತು ದಾಟಿತ್ತು. ಒಂದು ಸವಾರಿ ಶಾಲೆಗೆ ಸೇರಿದೆ. ನನಗೆ ಕೊಟ್ಟದ್ದು ಶಬನಮ್ ಅನ್ನುವ ಕಂದು ಹೆಣ್ಣುಕುದುರೆ. ಮೂರನೇ ದಿನ ಅದು ದುಲ್ಕಿ ಓಟಕ್ಕೆ ಬಂದಾಗ ಹೆದರಿ ಲಗಾಮನ್ನು ಜೋರಾಗಿ ಎಳೆದೆ. ಅದು ತಲೆ ಎತ್ತಿ ಪಕ್ಕಕ್ಕೆ ಜಿಗಿಯಿತು, ನಾನು ನೆಲಕ್ಕೆ ಬಿದ್ದೆ. ಮಣಿಕಟ್ಟು ಮುರಿಯಿತು. ‘ಈ ಕುದುರೆ ಮೊಂಡು’ ಅಂತ ಎಲ್ಲರ ಮುಂದೆ ಹೇಳಿದೆ.

ಆ ಒಂದು ಮಾತಿನ ಬೆಲೆ ನನಗೆ ಗೊತ್ತಿರಲಿಲ್ಲ. ಮೊಂಡು ಅಂತ ಹೆಸರು ಬಿದ್ದ ಕುದುರೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತದೆ, ಪ್ರತಿ ಸಲವೂ ಮೇವು ಕಡಿಮೆ, ಹೊರೆ ಹೆಚ್ಚು. ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಾಗ ಅದನ್ನು ಮಾರುವ ಮಾತು ಆಗಲೇ ನಡೆದಿತ್ತು. ಲಾಯ ನೋಡಿಕೊಳ್ಳುವ ಮುದುಕ ಸಾಯಿಸ್ ಚಾಚಾ ನನ್ನನ್ನು ಕರೆದು ಹೇಳಿದರು: “ಕಾಲಿನಿಂದ ಓಡು ಅಂದ್ರಿ, ಕೈಯಿಂದ ನಿಲ್ಲು ಅಂದ್ರಿ. ಎರಡನ್ನೂ ಒಟ್ಟಿಗೆ ಹೇಳಿದ್ರೆ ಆ ಪಾಪದ ಜೀವ ಏನು ಮಾಡಬೇಕು?” ಹೌದು, ಹೆದರಿಕೆಯಲ್ಲಿ ಎರಡೂ ಕಾಲುಗಳಿಂದ ಅದರ ಹೊಟ್ಟೆಯನ್ನು ಅಮುಕಿದ್ದೆ. ಕುದುರೆಗೆ ಅದು ‘ಮುಂದೆ ಹೋಗು’ ಅನ್ನುವ ಸೂಚನೆ.

ತಪ್ಪು ನನ್ನದೇ ಅಂತ ಶಾಲೆಯವರಿಗೆ ಹೇಳಿದೆ. ಆರು ವಾರ ಕುದುರೆ ಏರುವುದಿಲ್ಲ, ನೆಲದ ಮೇಲೆ ನಿಂತೇ ಅದರ ಜೊತೆ ಕಲಿಯುತ್ತೇನೆ, ಅಲ್ಲಿಯವರೆಗೆ ಮಾರಬೇಡಿ ಅಂತ ಕೇಳಿಕೊಂಡೆ. ಆ ಆರು ವಾರ ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ಕುದುರೆ ಎಂಥ ಪ್ರಾಣಿ ಅಂತ ತಿಳಿಯಿರಿ. ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಸಾವಿರಾರು ವರ್ಷ ಅದನ್ನು ಉಳಿಸಿದ್ದು ಓಟ. ಕಣ್ಣುಗಳು ತಲೆಯ ಎರಡು ಬದಿಯಲ್ಲಿರುವುದರಿಂದ ಸುಮಾರು 350 ಡಿಗ್ರಿ ನೋಟ ಸಿಗುತ್ತದೆ. ಕಾಣದ ಜಾಗ ಎರಡೇ: ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ. ಆದ್ದರಿಂದ ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ. ಭುಜದ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಹೋಗಿ. ಕಿವಿ ನೋಡಿ. ಕಿವಿ ನಿಮ್ಮ ಕಡೆ ತಿರುಗಿದ್ದರೆ ಗಮನ ನಿಮ್ಮ ಮೇಲಿದೆ. ಹಿಂದಕ್ಕೆ ಒತ್ತಿ ಮಲಗಿದ್ದರೆ ‘ದೂರ ಇರು’ ಅಂತ ಅರ್ಥ.

ಎರಡನೆಯದು ಒತ್ತಡ ಮತ್ತು ಬಿಡುವು. ನೆಲದ ತರಬೇತಿಯೆಲ್ಲ ಇದರ ಮೇಲೆ ನಿಂತಿದೆ. ಹಗ್ಗವನ್ನು ಮೆಲ್ಲಗೆ ಬಿಗಿ ಮಾಡುತ್ತೀರಿ, ಅದು ಒತ್ತಡ. ಕುದುರೆ ಒಂದೇ ಹೆಜ್ಜೆ ಇಟ್ಟ ಕ್ಷಣದಲ್ಲೇ ಸಡಿಲ ಬಿಡುತ್ತೀರಿ. ಕುದುರೆ ಕಲಿಯುವುದು ಬಿಟ್ಟ ಆ ಕ್ಷಣದಿಂದ, ಎಳೆದದ್ದರಿಂದಲ್ಲ. ತಡವಾಗಿ ಬಿಟ್ಟರೆ ಯಾವುದಕ್ಕೆ ಬಿಟ್ಟಿರಿ ಅನ್ನುವುದೇ ಅದಕ್ಕೆ ತಿಳಿಯಲ್ಲ. ಎಳೆಯುತ್ತಲೇ ಇದ್ದರೆ ಅದೂ ಎದುರು ಎಳೆಯುತ್ತದೆ, ಮತ್ತು ಬಲದಲ್ಲಿ ನೀವು ಗೆಲ್ಲಲು ಸಾಧ್ಯವೇ ಇಲ್ಲ.

ಇನ್ನು ಅಭ್ಯಾಸ. ಬಾಯಿಗೆ ಕಡಿವಾಣ ಬೇಡ, ತಲೆಗೆ ಹಾಕುವ ಹಾಲ್ಟರ್ ಮತ್ತು ಒಂದು ಉದ್ದ ಹಗ್ಗ ಸಾಕು. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಕುದುರೆ ಓಡಿದರೆ ಕೈಯೂ ಹೋಗುತ್ತದೆ. ಮೊದಲ ವಾರ ಬರೀ ಮೈ ಉಜ್ಜುವುದು, ಗೊರಸು ಎತ್ತಿ ಶುಚಿ ಮಾಡುವುದು, ಜೊತೆಗೆ ನಡೆಯುವುದು. ನೀವು ನಿಂತರೆ ಅದು ನಿಲ್ಲಬೇಕು, ನಿಮ್ಮ ಮೈಮೇಲೆ ಬರಬಾರದು. ಆಮೇಲೆ ಹಿಂದಕ್ಕೆ ಎರಡು ಹೆಜ್ಜೆ ಸರಿಸುವುದು. ಆಮೇಲೆ ಪಕ್ಕೆಯ ಹತ್ತಿರ ಬೆರಳಿಟ್ಟು ಹಿಂಗಾಲುಗಳನ್ನು ಆಚೆಗೆ ಸರಿಸುವುದು. ಕುದುರೆಯ ಶಕ್ತಿಯೆಲ್ಲ ಹಿಂಗಾಲಿನಲ್ಲಿದೆ. ಅದನ್ನು ಶಾಂತವಾಗಿ ಸರಿಸಲು ಬಂದರೆ ಗಾಬರಿಯಾದ ಕುದುರೆಯನ್ನೂ ತಿರುಗಿಸಿ ನಿಲ್ಲಿಸಬಹುದು. ಕೊನೆಗೆ ಏಳೆಂಟು ಮೀಟರ್ ಹಗ್ಗದಲ್ಲಿ ನಿಮ್ಮ ಸುತ್ತ ವೃತ್ತದಲ್ಲಿ ನಡೆಸುವುದು. ಪ್ಲಾಸ್ಟಿಕ್ ಚೀಲ, ಕೊಡೆ, ಇಂಥ ಹೆದರುವ ವಸ್ತುಗಳನ್ನು ದೂರದಿಂದ ತೋರಿಸಿ, ಅದು ಶಾಂತವಾದಾಗ ಹಿಂದೆ ತೆಗೆಯಿರಿ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಒಂದು ಕೆಲಸ ಚೆನ್ನಾಗಿ ಮಾಡಿದ ಮೇಲೆ ನಿಲ್ಲಿಸಿಬಿಡಿ.

ಇಷ್ಟು ಸೂಕ್ಷ್ಮ ಕುದುರೆಗೆ ತಿಳಿಯುತ್ತದೆಯೇ ಅಂತ ನಿಮಗೆ ಅನುಮಾನ ಬರಬಹುದು. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡುತ್ತದೆ ಅಂತ ಹೆಸರಾಗಿತ್ತು. ಪ್ರಶ್ನೆ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಒಡೆಯ ಮೋಸಗಾರನಲ್ಲ, ನಿಜವಾಗಿ ನಂಬಿದ್ದ. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ಪ್ರಕಟಿಸಿದರು: ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರಿನವರ ತಲೆ ತಮಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಜನ ‘ಕುದುರೆಗೆ ಗಣಿತ ಬರಲ್ಲ’ ಅಂತ ನಕ್ಕರು. ನನಗನ್ನಿಸುವುದು ಬೇರೆ. ಅಷ್ಟನ್ನು ಓದುವ ಪ್ರಾಣಿಯ ಬೆನ್ನ ಮೇಲೆ ಕೂತು ನಿಮ್ಮ ಹೆದರಿಕೆಯನ್ನು ಮುಚ್ಚಿಡಲು ಆಗಲ್ಲ.

ಏಳನೇ ವಾರ ಮತ್ತೆ ಏರಿದೆ. ತಲೆಗೆ ಹೆಲ್ಮೆಟ್, ಹಿಮ್ಮಡಿ ಇರುವ ಬೂಟು. ಜೀನಿನ ಹೊಟ್ಟೆಪಟ್ಟಿ ಬಿಗಿಯಾಗಿದೆಯೇ ಅಂತ ನಾನೇ ನೋಡಿದೆ. ನೆಲದಲ್ಲಿ ಕಲಿತದ್ದೇ ಮೇಲೂ ನಡೆಯುತ್ತದೆ: ಕಾಲು ಮೆಲ್ಲಗೆ ಒತ್ತಿ, ನಡೆದ ತಕ್ಷಣ ಸಡಿಲ ಬಿಡಿ. ಕಡಿವಾಣ ಕೂರುವುದು ಮುಂದಿನ ಮತ್ತು ಹಿಂದಿನ ಹಲ್ಲುಗಳ ನಡುವೆ ಹಲ್ಲಿಲ್ಲದ ಒಸಡಿನ ಮೇಲೆ. ಅಲ್ಲಿ ಒಂದು ಜಗ್ಗು ಎಷ್ಟು ನೋಯಿಸುತ್ತದೆ ಅಂತ ಯೋಚಿಸಿ. ನಿಲ್ಲಿಸಲು ಮೊದಲು ಉಸಿರು ಬಿಟ್ಟು, ಮೈಭಾರ ಇಳಿಸಿ, ಕೊನೆಗೆ ಬೆರಳು ಮುಚ್ಚಿ. ನಡಿಗೆಯಲ್ಲಿ ಗೊರಸು ನಾಲ್ಕು ತಾಳ ಹಾಕುತ್ತದೆ, ದುಲ್ಕಿಯಲ್ಲಿ ಎರಡು. ಆ ಎರಡರ ತಾಳಕ್ಕೆ ಜೀನಿನಿಂದ ಎದ್ದು ಕೂರುವುದು ಬಂದರೆ ಲಗಾಮನ್ನು ಆಸರೆಗೆ ಹಿಡಿಯುವ ಚಟ ತಾನೇ ಹೋಗುತ್ತದೆ. ನಾಗಾಲೋಟಕ್ಕೆ ಅವಸರ ಬೇಡ.

ಸಾಯಿಸ್ ಅನ್ನುವುದು ಅರಬಿಯಿಂದ ಬಂದ ಪದ. ಹೈದರಾಬಾದಿನ ಓದುಗರಿಗೆ ಪರಿಚಿತವಾದ ‘ಸಿಯಾಸತ್’, ಅಂದರೆ ರಾಜಕಾರಣ, ಅದೂ ಇದೇ ಬೇರಿನದು. ಕುದುರೆಯನ್ನು ನೋಡಿಕೊಳ್ಳುವುದಕ್ಕೂ ನಾಡನ್ನು ನಡೆಸುವುದಕ್ಕೂ ಆ ಭಾಷೆಯಲ್ಲಿ ಒಂದೇ ಮೂಲ. ಇದನ್ನು ತಿಳಿದಾಗ ನನಗೆ ಅಬ್ಬಾ ನೆನಪಾದರು. ಅವರು ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದರು. ರಾತ್ರಿ ಬಂದ ಮೇಲೆ ಕುದುರೆಗೆ ನೀರು, ಹುರುಳಿ ಕೊಡದೆ ತಾವು ಊಟಕ್ಕೆ ಕೂತವರಲ್ಲ. ಶಾಲೆಯಲ್ಲಿ ‘ಟಾಂಗಾವಾಲಾನ ಮಗ’ ಅನ್ನಿಸಿಕೊಳ್ಳುವುದು ನನಗೆ ನಾಚಿಕೆ. ಅದಕ್ಕೇ ಲಾಯದ ಹತ್ತಿರ ಸುಳಿಯಲಿಲ್ಲ. ಮನೆಯಲ್ಲೇ ಇದ್ದ ವಿದ್ಯೆಗೆ ಪುಣೆಯಲ್ಲಿ ಫೀಸು ಕಟ್ಟಿದೆ, ಕೈಯನ್ನೂ ಮುರಿದುಕೊಂಡೆ.

ಶಬನಮ್ ಈಗಲೂ ಅದೇ ಲಾಯದಲ್ಲಿದೆ, ಚಿಕ್ಕ ಮಕ್ಕಳಿಗೆ ಮೊದಲ ಪಾಠ ಅದರ ಮೇಲೆಯೇ. ನಿಮ್ಮ ಮಕ್ಕಳನ್ನು ಸವಾರಿಗೆ ಸೇರಿಸುವುದಿದ್ದರೆ ಶಾಲೆಯವರನ್ನು ಒಂದು ಪ್ರಶ್ನೆ ಕೇಳಿ: ಏರಿಸುವ ಮೊದಲು ಎಷ್ಟು ದಿನ ನೆಲದ ಮೇಲೆ ಕಲಿಸುತ್ತೀರಿ? ‘ಒಂದು ದಿನವೂ ಇಲ್ಲ’ ಅಂದರೆ ಬೇರೆ ಶಾಲೆ ಹುಡುಕಿ.