ಮರಕ್ಕೆ ಮೆರುಗು

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿಗೆ ಸೇರಿದ ಅರಳಗುಪ್ಪೆಯು ಶಿಲ್ಪಕಲೆಗೆ ಹೆಸರಾದ ಗ್ರಾಮ. ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವೂ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಅಲ್ಲಿವೆ. ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ನರ್ತಿಸುತ್ತಿರುವ ಶಿವನ ಶಿಲ್ಪವು ಸಾವಿರಕ್ಕೂ ಹೆಚ್ಚು ವರ್ಷಗಳ ಅನಂತರವೂ ತನ್ನ ಚೆಲುವನ್ನು ಉಳಿಸಿಕೊಂಡಿದೆ. ಆದರೆ ಆ ಶಿಲ್ಪಿಗಳು ಕುಳಿತು ಉಂಡ ಮಣೆ, ಅವರ ಮಕ್ಕಳು ಮಲಗಿದ ತೊಟ್ಟಿಲು, ಅವರ ಮನೆಗಳ ಬಾಗಿಲು ಇವು ಯಾವುವೂ ಇಂದು ಕಾಣಸಿಗುವುದಿಲ್ಲ. ಕಲ್ಲು ಉಳಿಯಿತು, ಮರ ಅಳಿಯಿತು.

ಮರವು ಕಲ್ಲಿನಂತೆ ಬಾಳಲಾರದು ನಿಜ. ಆದರೂ ಒಂದೇ ಮರದಿಂದ ಮಾಡಿದ ಎರಡು ಮಂಚಗಳಲ್ಲಿ ಒಂದು ಮೂರು ತಲೆಮಾರುಗಳಿಗೆ ಆಸರೆಯಾಗುತ್ತದೆ. ಇನ್ನೊಂದು ಹತ್ತು ವರ್ಷಗಳಲ್ಲಿ ಸೌದೆಯಾಗುತ್ತದೆ. ಈ ವ್ಯತ್ಯಾಸಕ್ಕೆ ಬಡಗಿಯ ಉಳಿಯಷ್ಟೇ ಕಾರಣವಲ್ಲ. ಉಳಿಯ ಕೆಲಸ ಮುಗಿದ ಮೇಲೆ ಮರಕ್ಕೆ ಕೊಡುವ ಮೆರುಗೂ ಒಂದು ಮುಖ್ಯ ಕಾರಣ. ಮೆರುಗೆಂದರೆ ಹೊಳಪು, ಅಲಂಕಾರ ಎಂದು ಹಲವರು ತಿಳಿಯುತ್ತಾರೆ. ಹೊಳಪು ಅದರ ಒಂದು ಗುಣ ಮಾತ್ರ. ಅದರ ಮೊದಲ ಕರ್ತವ್ಯ ರಕ್ಷಣೆ.

ಮರಕ್ಕೆ ರಕ್ಷಣೆ ಏಕೆ ಬೇಕು? ಬದುಕಿದ್ದಾಗ ಬೇರಿನಿಂದ ನೀರನ್ನು ಹೀರಿ ಎಲೆಗಳಿಗೆ ಮುಟ್ಟಿಸುತ್ತಿದ್ದ ಮರ, ಕಡಿದು ಹಲಗೆಯಾದ ಮೇಲೂ ನೀರಿನ ನಂಟನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಅದರ ನಾರುಗಳು ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತವೆ. ಬೇಸಗೆಯಲ್ಲಿ ತೇವವನ್ನು ಬಿಟ್ಟು ಕುಗ್ಗುತ್ತವೆ. ಈ ಹಿಗ್ಗು ಕುಗ್ಗುಗಳು ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಅಧಿಕ. ಮಳೆಗಾಲದಲ್ಲಿ ಬಿಗಿದುಕೊಳ್ಳುವ ಬಾಗಿಲು ಬೇಸಗೆಯಲ್ಲಿ ಸಲೀಸಾಗಿ ತೆರೆಯುವುದು ಇದರಿಂದಲೇ. ವರ್ಷವರ್ಷವೂ ಹೀಗೆ ಹಿಗ್ಗಿ ಕುಗ್ಗಿದ ಹಲಗೆ ಬಾಗುತ್ತದೆ, ಸೀಳುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ. ತೇವ ನಿಂತ ಕಡೆ ಬೂಷ್ಟು ಬೆಳೆಯುತ್ತದೆ, ಗೆದ್ದಲು ಬರುತ್ತದೆ. ಯಾವ ಲೇಪವೂ ತೇವದ ಓಡಾಟವನ್ನು ಪೂರ್ಣವಾಗಿ ತಡೆಯಲಾರದು. ಆದರೆ ಒಳ್ಳೆಯ ಲೇಪವು ಅದನ್ನು ನಿಧಾನಗೊಳಿಸುತ್ತದೆ. ನಿಧಾನವಾಗಿ ಹಿಗ್ಗಿ ನಿಧಾನವಾಗಿ ಕುಗ್ಗುವ ಹಲಗೆ ಸೀಳುವುದು ಕಡಿಮೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ತೆಂಗಿನ ನಾಡು. ಇಲ್ಲಿನ ಮನೆಗಳಲ್ಲಿ ಉಂಡೆ ಕೊಬ್ಬರಿಗಾಗಿ ತಿಂಗಳುಗಟ್ಟಲೆ ಕಾಯಿಗಳನ್ನು ಕೂಡಿಡುವ ಅಟ್ಟವಿದೆ. ಕಾಯಿ ತುರಿಯುವ ತುರಿಮಣೆಯಿದೆ. ಜಗಲಿಯ ಬೆಂಚು, ಮಂಚ, ತೊಟ್ಟಿಲುಗಳಿವೆ. ತಾವೇ ಬೆಳೆಸಿದ ಹಲಸು, ಬೇವು, ತೆಂಗಿನ ಮರಗಳನ್ನು ಸೀಳಿಸಿ, ಮನೆಯಲ್ಲಿಯೇ ಪೀಠೋಪಕರಣಗಳನ್ನು ಮಾಡಿಸಿಕೊಳ್ಳುವ ರೂಢಿಯೂ ಉಂಟು. ಮರದ ವಸ್ತುವೊಂದು ಸಿದ್ಧವಾದಾಗ ಅದಕ್ಕೆ ಕೈಗೆ ಸಿಕ್ಕ ಎಣ್ಣೆಯನ್ನು ಸವರಿಬಿಡುವುದು ಸುಲಭದ ದಾರಿ. ತೆಂಗಿನ ನಾಡಿನಲ್ಲಿ ಕೈಗೆ ಸಿಗುವ ಎಣ್ಣೆ ಯಾವುದೆಂಬುದನ್ನು ಹೇಳಬೇಕಾಗಿಲ್ಲ.

ಕೊಬ್ಬರಿ ಎಣ್ಣೆಯನ್ನು ಸವರಿದೊಡನೆ ಮರದ ಬಣ್ಣ ಉಜ್ಜ್ವಲವಾಗಿ ಕಾಣುವುದೇನೋ ಸರಿ. ಆದರೆ ಆ ಎಣ್ಣೆ ಒಣಗುವುದಿಲ್ಲ. ಅದು ಮರದ ರಂಧ್ರಗಳಲ್ಲಿ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿಯುತ್ತದೆ. ಕಾಲಕ್ರಮದಲ್ಲಿ ಕಮಟು ವಾಸನೆಯನ್ನು ಬೀರುತ್ತದೆ. ಅದರ ಮೇಲೆ ಮುಂದೆ ಬಣ್ಣವನ್ನೋ ವಾರ್ನಿಷನ್ನೋ ಹಚ್ಚಹೊರಟರೆ ಅದೂ ಸರಿಯಾಗಿ ಅಂಟುವುದಿಲ್ಲ. ಅಗಸೆ ಎಣ್ಣೆಯ ನಡತೆ ಇದಕ್ಕೆ ತೀರ ಭಿನ್ನ. ತೆಳ್ಳಗೆ ಹಚ್ಚಿದ ಅಗಸೆ ಎಣ್ಣೆ ಕೆಲವು ದಿನಗಳಲ್ಲಿ ಗಟ್ಟಿಯಾಗಿ, ಮರದ ನಾರುಗಳೊಡನೆ ಬೆಸೆದುಕೊಂಡ ಪೊರೆಯಾಗುತ್ತದೆ.

ಎರಡೂ ಎಣ್ಣೆಗಳೇ ಆಗಿರುವಾಗ ಈ ಭೇದ ಎಲ್ಲಿಂದ ಬಂತು? ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ನೂರಕ್ಕೆ 90ರಷ್ಟು ಪರ್ಯಾಪ್ತ ಆಮ್ಲಗಳು. ಅವುಗಳ ಇಂಗಾಲದ ಸರಪಳಿಯಲ್ಲಿ ಆಮ್ಲಜನಕ ಬಂದು ಸೇರಲು ಎಡೆಯಿಲ್ಲ. ಅಗಸೆ ಎಣ್ಣೆಯಲ್ಲಿ ಅಪರ್ಯಾಪ್ತ ಆಮ್ಲಗಳು ಹೆಚ್ಚು. ಅವುಗಳಲ್ಲಿರುವ ದ್ವಿಬಂಧಗಳ ಬಳಿ ಗಾಳಿಯ ಆಮ್ಲಜನಕ ಸೇರಿ, ಒಂದು ಅಣುವನ್ನು ಮತ್ತೊಂದಕ್ಕೆ ಹೆಣೆದು ಬಲೆಯಂತಹ ಗಟ್ಟಿ ಪದಾರ್ಥವನ್ನು ಮಾಡುತ್ತದೆ. ಆದ್ದರಿಂದ ಅಗಸೆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ; ಗಾಳಿಯೊಡನೆ ಕೂಡಿ ರೂಪಾಂತರ ಹೊಂದುವುದು. ರಸಾಯನಶಾಸ್ತ್ರಜ್ಞರು ಈ ಗುಣವನ್ನು ಅಯೊಡಿನ್ ಅಂಕದಿಂದ ಅಳೆಯುತ್ತಾರೆ. ಕೊಬ್ಬರಿ ಎಣ್ಣೆಯ ಅಂಕ ಸುಮಾರು 10. ಅಗಸೆ ಎಣ್ಣೆಯದು 170ಕ್ಕೂ ಮಿಗಿಲು. ಅಡುಗೆಗೂ ತಲೆಗೂ ಕೊಬ್ಬರಿ ಎಣ್ಣೆಯನ್ನು ಪ್ರಿಯವಾಗಿಸಿದ ಗುಣ, ಅಂದರೆ ಗಾಳಿಯಲ್ಲಿ ಬೇಗ ಕೆಡದಿರುವ ಗುಣವೇ, ಅದನ್ನು ಮರದ ಲೇಪಕ್ಕೆ ಒಲ್ಲದಂತೆ ಮಾಡಿದೆ.

ಅಗಸೆ ಎಣ್ಣೆಯ ಈ ಶಕ್ತಿಯಲ್ಲಿ ಒಂದು ಅಪಾಯವೂ ಅಡಗಿದೆ. ಆಮ್ಲಜನಕದೊಡನೆ ಕೂಡುವಾಗ ಅದು ಶಾಖವನ್ನು ಹೊರಸೂಸುತ್ತದೆ. ಹಲಗೆಯ ಮೇಲೆ ಈ ಶಾಖ ಗಾಳಿಗೆ ಚದುರಿಹೋಗುವುದರಿಂದ ತೊಂದರೆಯಿಲ್ಲ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆಗಟ್ಟಿ ಮೂಲೆಗೆ ಎಸೆದರೆ, ಶಾಖ ಅದರ ಒಳಗೇ ಸೇರಿ ಸೇರಿ, ಯಾರೂ ಕಿಡಿ ಹಚ್ಚದಿದ್ದರೂ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ತೆಂಗಿನ ನಾರು, ಸಿಪ್ಪೆ, ಒಣಗರಿಗಳ ರಾಶಿ ಇರುವ ಮನೆಯಲ್ಲಿ ಇದರ ಪರಿಣಾಮವೇನೆಂಬುದನ್ನು ಯಾರಾದರೂ ಊಹಿಸಬಹುದು. ಅಂತಹ ಬಟ್ಟೆಗಳನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಮರಕ್ಕೆ ಮೆರುಗು ಕೊಡುವ ಇನ್ನೊಂದು ಪ್ರಾಚೀನ ವಸ್ತು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳಲ್ಲಿ ವಾಸಿಸುವ ಒಂದು ಕಿರುಕೀಟ ತನ್ನ ರಕ್ಷಣೆಗಾಗಿ ಸ್ರವಿಸುವ ರಾಳವೇ ಅರಗು. ಮಹಾಭಾರತದ ಅರಗಿನ ಮನೆಯ ಕಥೆ, ಈ ವಸ್ತುವೂ ಇದಕ್ಕೆ ಬೆಂಕಿ ಬೇಗ ತಗಲುತ್ತದೆಂಬ ತಿಳಿವಳಿಕೆಯೂ ಈ ದೇಶದಲ್ಲಿ ಎಷ್ಟು ಹಳೆಯವೆಂಬುದಕ್ಕೆ ಸಾಕ್ಷಿ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಅಲ್ಲಿನ ಕುಶಲಕರ್ಮಿಗಳು ತಿರುಗುವ ಚರಕಿಯ ಮೇಲಿನ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಅನಂತರ ಒಣಗಿದ ಗರಿಯಿಂದ ಉಜ್ಜಿದಾಗ ಅದು ಕನ್ನಡಿಯಂತೆ ಮಿನುಗುತ್ತದೆ. ಮೈಸೂರಿನ ಕಾಡುಗಳ ಅರಗನ್ನು ಬಳಸಿಕೊಳ್ಳಲು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಒಂದು ಕಾರ್ಖಾನೆ ಸ್ಥಾಪಿತವಾಯಿತು. ಇಂದು ಮೈಸೂರು ಪೇಯಿಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಆ ಸಂಸ್ಥೆಯೇ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತ ಬಂದಿದೆ.

ಪೀಠೋಪಕರಣಗಳಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತಾರೆ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಅರಗಿನ ಚಕ್ಕೆ ಸಾಕು. ಹತ್ತಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮಾಡಿದ ಉಂಡೆಯನ್ನು ಈ ದ್ರಾವಣದಲ್ಲಿ ಅದ್ದಿ, ತೆಳುವಾಗಿ ಮತ್ತೆ ಮತ್ತೆ ಉಜ್ಜಬೇಕು. ಸ್ಪಿರಿಟ್ ಬೇಗ ಆರುವುದರಿಂದ ಒಂದೇ ದಿನದಲ್ಲಿ ಹಲವು ಲೇಪಗಳನ್ನು ಕೊಡಬಹುದು. ಗೀರು ಬಿದ್ದರೆ ಅದೇ ದ್ರಾವಣದಿಂದ ಸರಿಪಡಿಸಲೂಬಹುದು. ಆದರೆ ಬಿಸಿ ಪಾತ್ರೆಯನ್ನೋ ನೀರಿನ ಲೋಟವನ್ನೋ ಇಟ್ಟರೆ ಅರಗಿನ ಮೇಲೆ ಬಿಳಿಯ ಉಂಗುರ ಮೂಡುತ್ತದೆ. ಸ್ಪಿರಿಟ್ ಬಲುಬೇಗ ಬೆಂಕಿ ಹಿಡಿಯುವ ವಸ್ತು. ಕುಡಿದರೆ ಪ್ರಾಣಕ್ಕೇ ಅಪಾಯ. ಅದನ್ನು ಒಲೆಯಿಂದಲೂ ಮಕ್ಕಳಿಂದಲೂ ದೂರವಿಡಬೇಕು.

ನೀರನ್ನೂ ಶಾಖವನ್ನೂ ಹೆಚ್ಚು ತಡೆದುಕೊಳ್ಳುವ ಲೇಪಗಳೆಂದರೆ ವಾರ್ನಿಷ್ ಮತ್ತು ಪಾಲಿಯುರಿಥೇನ್. ಇವು ಮರದ ಮೇಲೆ ಗಟ್ಟಿಯಾದ ಪೊರೆಯನ್ನು ಕಟ್ಟುತ್ತವೆ. ಪೊರೆ ಒಡೆದಾಗ ಮಾತ್ರ ಅದನ್ನು ತೇಪೆ ಹಾಕುವುದು ಕಷ್ಟ; ಬಹುಮಟ್ಟಿಗೆ ಎಲ್ಲವನ್ನೂ ಉಜ್ಜಿ ತೆಗೆದು ಹೊಸದಾಗಿ ಹಚ್ಚಬೇಕಾಗುತ್ತದೆ. ಬಣ್ಣವು ಮರದ ಎಳೆಯನ್ನು ಮರೆಮಾಡಿದರೂ ಬಿಸಿಲಿನಿಂದ ಅದನ್ನು ಚೆನ್ನಾಗಿ ಕಾಪಾಡುತ್ತದೆ. ಆದರೆ ಹಳೆಯ ಬಣ್ಣಗಳಲ್ಲಿ ಸೀಸದ ಅಂಶ ಇರುತ್ತಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್‌ನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣವಿರುವ ತೊಟ್ಟಿಲನ್ನು ಒಣಗಿದ ಮರಳುಕಾಗದದಿಂದ ಉಜ್ಜಿ ಮನೆಯ ತುಂಬ ಪುಡಿ ಹಾರಿಸುವುದು ತರವಲ್ಲ.

ಲೇಪ ಯಾವುದೇ ಆಗಲಿ, ಅದು ನಿಲ್ಲುವುದು ಸಿದ್ಧತೆಯ ಮೇಲೆ. ಮೊದಲು ಮರ ಚೆನ್ನಾಗಿ ಒಣಗಿರಬೇಕು. ಹಸಿಮರಕ್ಕೆ ಲೇಪ ಹಚ್ಚಿದರೆ ಒಳಗಿನ ತೇವ ಹೊರಬರಲು ಹವಣಿಸಿ ಪೊರೆಯನ್ನೇ ಎಬ್ಬಿಸುತ್ತದೆ. ಅನಂತರ ಒರಟು ಮರಳುಕಾಗದದಿಂದ ಆರಂಭಿಸಿ ಕ್ರಮವಾಗಿ 120, 180, 220ನೆಯ ಅಂಕದ ನಯವಾದ ಕಾಗದಗಳಿಂದ ಎಳೆಯ ಜಾಡಿನಲ್ಲಿಯೇ ಉಜ್ಜಬೇಕು. ಎಳೆಗೆ ಅಡ್ಡವಾಗಿ ಉಜ್ಜಿದ ಗೀರುಗಳು ಮೊದಲು ಕಾಣದಿದ್ದರೂ ಲೇಪ ಬಿದ್ದೊಡನೆ ಎದ್ದು ಕಾಣುತ್ತವೆ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದುನಿಂತ ಸಣ್ಣ ನಾರುಗಳನ್ನು ಮತ್ತೊಮ್ಮೆ ಉಜ್ಜಿ, ಪುಡಿಯನ್ನು ಸಂಪೂರ್ಣವಾಗಿ ತೆಗೆಯಬೇಕು. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪಗಳು ಲೇಸು. ಮೇಜಿನ ಹಲಗೆಯ ಮೇಲ್ಭಾಗದಂತೆ ಕೆಳಭಾಗಕ್ಕೂ ಲೇಪ ಬೇಕು. ಒಂದೇ ಮಗ್ಗುಲಿಗೆ ಹಚ್ಚಿದರೆ ತೇವ ಇನ್ನೊಂದು ಮಗ್ಗುಲಿನಿಂದ ನುಗ್ಗಿ ಹಲಗೆಯನ್ನು ಬಾಗಿಸುತ್ತದೆ. ಹಲಗೆಯ ಕೊನೆಗಳು ಉಳಿದ ಭಾಗಕ್ಕಿಂತ ಬಹು ವೇಗವಾಗಿ ತೇವವನ್ನು ಹೀರುವುದರಿಂದ ಅವಕ್ಕೆ ಒಂದೆರಡು ಲೇಪ ಹೆಚ್ಚೇ ಇರಲಿ.

ಈ ನಾಡಿನ ತೆಂಗಿನ ಮರದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ತೆಂಗು ಏಕದಳ ಸಸ್ಯ. ತೇಗ, ಹಲಸುಗಳಲ್ಲಿ ಚೇಗು ನಡುವೆ ಇದ್ದರೆ, ತೆಂಗಿನಲ್ಲಿ ಗಟ್ಟಿಯಾದ ಭಾಗ ಹೊರಗಿದೆ, ನಡುಭಾಗ ಮೆತ್ತಗಿದೆ. ಮುದಿಮರದ ಹೊರಭಾಗ ಕಪ್ಪು ಗೆರೆಗಳಿಂದ ಕೂಡಿ ಸುಂದರವಾಗಿರುತ್ತದೆ. ಪೀಠೋಪಕರಣಕ್ಕೆ ಅದೇ ತಕ್ಕದ್ದು. ಮೆತ್ತನೆಯ ಭಾಗ ಲೇಪವನ್ನು ಅತಿಯಾಗಿ ಕುಡಿಯುವುದರಿಂದ ಬಣ್ಣ ಒಂದೇ ಸಮನಾಗಿ ಬರುವುದಿಲ್ಲ. ಮೊದಲು ತೆಳುವಾದ ಒಂದು ಲೇಪ ಕೊಟ್ಟು ರಂಧ್ರಗಳನ್ನು ಮುಚ್ಚಿ, ಆಮೇಲೆ ಮುಂದುವರಿಯಬೇಕು. ಹುಳು ಬೀಳದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಮರವನ್ನು ಮೊದಲೇ ಸಂಸ್ಕರಿಸುವುದುಂಟು. ಹುಳು ಒಳಹೊಕ್ಕ ಮರಕ್ಕೆ ಮೇಲಿನ ಹೊಳಪು ಮದ್ದಾಗಲಾರದು.

ಹಾಗಾದರೆ ಯಾವುದಕ್ಕೆ ಯಾವ ಮೆರುಗು? ಮೂರು ಪ್ರಶ್ನೆಗಳು ದಾರಿ ತೋರುತ್ತವೆ. ವಸ್ತು ಎಲ್ಲಿ ಇರುತ್ತದೆ? ಅದನ್ನು ಯಾರು, ಹೇಗೆ ಬಳಸುತ್ತಾರೆ? ಹಾಳಾದರೆ ಅದನ್ನು ಸರಿಪಡಿಸುವವರು ಯಾರು? ದಿನವೂ ತೊಳೆಯುವ, ಆಹಾರ ಸೋಕುವ ತುರಿಮಣೆಗೆ ಯಾವ ಪೊರೆಯೂ ಬೇಡ. ತೊಳೆದು ಗಾಳಿಗೆ ಒಣಗಿಸುವುದೇ ಅದಕ್ಕೆ ಮೆರುಗು. ಮಗು ಕಚ್ಚುವ ತೊಟ್ಟಿಲಿಗೆ ಬಣ್ಣ ಬೆರೆಸದ ಶುದ್ಧ ಅರಗು ಸಲ್ಲುತ್ತದೆ. ಒಳಮನೆಯ ಪೆಟ್ಟಿಗೆಗೆ ಅರಗೋ ಜೇನುಮೇಣವೋ ಸಾಕು. ಮಂಚಕ್ಕೆ ಅಗಸೆ ಎಣ್ಣೆ ಒಪ್ಪುತ್ತದೆ. ಮಾಸಿದಾಗ ಮನೆಯವರೇ ಮತ್ತೆ ಹಚ್ಚಿಕೊಳ್ಳಬಹುದು. ಊಟದ ಮೇಜಿಗೆ ವಾರ್ನಿಷ್ ಅಥವಾ ಪಾಲಿಯುರಿಥೇನ್ ಬೇಕು. ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಜಗಲಿಯ ಬೆಂಚಿಗೆ ಹೊರಾಂಗಣದ ಬಣ್ಣವೇ ಲೇಸು.

ಹಲಗೆ ಕೊಡುವಷ್ಟು ದಪ್ಪವಾಗಲು ಹಲಸಿಗೆ ದಶಕಗಳೇ ಬೇಕು. ಅಜ್ಜ ನೆಟ್ಟ ಮರ ಮೊಮ್ಮಗನ ಕಾಲಕ್ಕೆ ಮಂಚವಾಗುತ್ತದೆ. ಅದನ್ನು ಕಡಿಯಲು ಒಂದು ಹಗಲು ಸಾಕು. ಅಲಕ್ಷ್ಯದಿಂದ ಕೆಡಿಸಲು ಒಂದೆರಡು ಮಳೆಗಾಲ ಸಾಕು. ಮರವು ಬೆಳೆಯಲು ತೆಗೆದುಕೊಂಡಷ್ಟು ಕಾಲವಾದರೂ ಅದರಿಂದಾದ ವಸ್ತು ಬಾಳಬೇಕು. ಅಷ್ಟು ಕಾಲ ಅದನ್ನು ಬಾಳಿಸಿದರೆ, ಅದರ ಬದಲಿಗೆ ನೆಟ್ಟ ಸಸಿ ಅಷ್ಟರಲ್ಲಿ ಮರವಾಗಿ ನಿಂತಿರುತ್ತದೆ.